ರಾತ್ರಿ ಪ್ರಯಾಣ ಮತ್ತು ವಾಹನದ ದೀಪಗಳು

(ಸದಸ್ಯರ ತಿಳಿವಳಿಕೆಗಾಗಿ ಕಾರ್ಯದರ್ಶಿಯವರಿಂದ)



ಕೊಯ್ಲಿನ ಕಾಲ ಸಮೀಪಿಸುತ್ತಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಬೆಳೆಗಾರರು ರಾತ್ರಿಯ ಹೊತ್ತು ರಸ್ತೆಯ ಮೇಲಿರುವಷ್ಟು ವರ್ಷದ ಬೇರೆ ಯಾವ ಕಾಲದಲ್ಲೂ ಇರುವುದಿಲ್ಲ. ಕಿತ್ತ ಕಾಫಿ ಹಣ್ಣನ್ನು ಅಂದೇ ಪಲ್ಪಿಂಗ್ ಮಾಡಬೇಕು. ಸಂಜೆ ಅಳತೆ ಮುಗಿದು, ಆಳುಗಳನ್ನು ಊರಿಗೆ ಬಿಟ್ಟು ಬರುವ ವೇಳೆಗೆ ಕತ್ತಲಾಗಿರುತ್ತದೆ. ಅಡಿಕೆಯವರ ಪಾಡೂ ಇದೇ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಜೊತೆಗೆ ಮಂಜು. ಆದುದರಿಂದ ಗೊಬ್ಬರ, ಔಷಧಿ, ಧಾರಣೆಗಳ ವಿಷಯವನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಬದಿಗಿರಿಸಿ, ನಮ್ಮ ಕಾರು, ಜೀಪು, ಪಿಕಪ್ ಗಾಡಿಗಳ ಹೆಡ್‌ಲೈಟಿನ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ. ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಚಾಮರಾಜನಗರದಿಂದ ಗುಂಡ್ಲುಪೇಟೆಯ ಕಡೆಗೆ ಬರುತ್ತಿದ್ದಾಗ, ತೆರಕಣಾಂಬಿಯ ಈಚೆಗೆ, ಹಿಂದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ನನ್ನ ಪಿಕಪ್ ಕೂದಲೆಳೆಯ ಅಂತರದಲ್ಲಿ ತಪ್ಪಿತು. ನನ್ನ ದೀಪ ಸಾಲದೆಂದು ಆ ರಾತ್ರಿಯೇ ತೀರ್ಮಾನಿಸಿದೆ. ಮರುವಾರ ಪೇಟೆಗೆ ಹೋಗಿ, ಅಂಗಡಿಯವನ ಮಾತು ನಂಬಿ, 60 ವ್ಯಾಟಿನ ಬಲ್ಬುಗಳನ್ನು ಕಿತ್ತು 100 ವ್ಯಾಟಿನವನ್ನು ಹಾಕಿಸಿದೆ. ರಸ್ತೆ ಹಗಲಿನಂತೆ ಕಂಡಿತು, ಬಹಳ ಸಂತೋಷವಾಯಿತು. ಆ ಸಂತೋಷ ಉಳಿದದ್ದು ಒಂದೇ ತಿಂಗಳು. ಒಂದು ಸಂಜೆ ಕಾಫಿ ಮೂಟೆ ಹೇರಿಕೊಂಡು ಬರುವಾಗ, ಎದುರಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದವರೊಬ್ಬರು ಇದ್ದಕ್ಕಿದ್ದಂತೆ ರಸ್ತೆ ಬಿಟ್ಟು ಚರಂಡಿಗೆ ಉರುಳಿದರು. ಇಳಿದು ಓಡಿ ನೋಡಿದರೆ ನಮ್ಮ ಪಕ್ಕದೂರಿನವರೇ. ನನ್ನ ತೋಟದ ಅಡಿಕೆ ಗೊನೆ ಕೀಳುವವರು. ಹೆಗಲ ಮೂಳೆ ಮುರಿದಿತ್ತು. ನೋವಿನಲ್ಲೂ ಅವರು ಬಯ್ಯಲಿಲ್ಲ. “ಅಣ್ಣಾರೇ, ನಿಮ್ ಲೈಟು ಬಂದೇಟ್ಗೆ ರೋಡೇ ಮಾಯ ಆಗೋಯ್ತು ಕನ. ಎತ್ಲಾಗ್ ತಿರ್ಗುಸ್ಬೇಕು ಅಂತ್ಲೇ ಗೊತ್ತಾಗ್ನಿಲ್ಲ” ಎಂದರು, ಅಷ್ಟೇ.

ನಾನು ಡಿಮ್ ಮಾಡಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ. ಡಿಮ್ ಮಾಡಿದ್ದರೂ ಅವರ ಕಣ್ಣು ಕಟ್ಟಿತು. ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆ. ಆದರೆ ಮರ ಹತ್ತುವವನಿಗೆ ಕೊಯ್ಲಿನ ಎರಡು ತಿಂಗಳು ಕೈ ಕಟ್ಟಿ ಕೂರುವುದೆಂದರೆ ಏನೆಂದು ನಮಗೆಲ್ಲ ಗೊತ್ತು. ಡಿಮ್ ಮಾಡಿದ ದೀಪ ಏಕೆ ಕಣ್ಣಿಗೆ ಹೊಡೆಯಿತು ಎಂದು ವಿಚಾರಿಸುತ್ತ ಹೋದಾಗ ತಿಳಿದುಕೊಂಡ ಸಂಗತಿಗಳೇ ಈ ಲೇಖನ. ಒಟ್ಟು ಸಾರಾಂಶ ಇಷ್ಟು: ನಮಗೆ ಬೇಕಾದದ್ದು ಹೆಚ್ಚು ವ್ಯಾಟಿನ ಬಲ್ಬಲ್ಲ. ಇರುವ ಬಲ್ಬಿಗೆ ಪೂರ್ತಿ ವಿದ್ಯುತ್ತು ಮುಟ್ಟಬೇಕು, ಗಾಜು ಸ್ವಚ್ಛವಾಗಿರಬೇಕು, ಬೆಳಕು ಬೀಳಬೇಕಾದ ಕಡೆ ಬೀಳಬೇಕು. ಈ ಮೂರೂ ಸರಿಯಾದರೆ ನಮಗೂ ಕಾಣುತ್ತದೆ, ಎದುರಿನವರಿಗೂ ಕಾಣುತ್ತದೆ.

ಎಷ್ಟು ದೂರ ಕಾಣಬೇಕು?

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದಕ್ಕೆ ಹೋಗುತ್ತದೆ. ಅಡ್ಡಿಯನ್ನು ಕಂಡು, ಮನಸ್ಸಿಗೆ ತಟ್ಟಿ, ಕಾಲು ಬ್ರೇಕಿನ ಮೇಲೆ ಬರಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಅಷ್ಟರಲ್ಲಿ 25 ಮೀಟರ್ ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೆ, ಒಣಗಿದ ಒಳ್ಳೆಯ ರಸ್ತೆಯಲ್ಲಿ, ನಿಲ್ಲಲು ಇನ್ನೂ ಸುಮಾರು 23 ಮೀಟರ್ ಬೇಕು. ಒಟ್ಟು 48 ಮೀಟರ್. ವೇಗ 40 ಇದ್ದರೆ ಇದು ಸುಮಾರು 27 ಮೀಟರಿಗೆ ಇಳಿಯುತ್ತದೆ. 80 ಇದ್ದರೆ 74 ಮೀಟರಿಗೆ ಏರುತ್ತದೆ. ರಸ್ತೆ ಒದ್ದೆಯಾಗಿದ್ದರೆ, ಟೈರು ಸವೆದಿದ್ದರೆ ಇನ್ನೂ ಹೆಚ್ಚು.

ಡಿಮ್ ದೀಪದಲ್ಲಿ, ಕಪ್ಪು ಕಂಬಳಿ ಹೊದ್ದು ರಸ್ತೆಯಂಚಿನಲ್ಲಿ ನಡೆಯುವ ಮನುಷ್ಯ ಐವತ್ತು ಮೀಟರಿನಾಚೆ ಕಾಣುವುದು ಕಷ್ಟ. ಅಂದರೆ ಡಿಮ್ ದೀಪದ ಗಾಡಿಗೆ 60ರ ಮೇಲಿನ ವೇಗವೆಲ್ಲ ಕಾಣದ ಜಾಗಕ್ಕೆ ನುಗ್ಗಿದಂತೆಯೇ. ಇಷ್ಟಕ್ಕೂ ಬೆಳಕನ್ನು ಹೆಚ್ಚಿಸಿ ದೂರವನ್ನು ಗೆಲ್ಲುವುದು ಸುಲಭವಲ್ಲ. ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಎರಡರಷ್ಟು ದೂರದಲ್ಲಿ ಅದೇ ಬೆಳಕು ಬೀಳಬೇಕಾದರೆ ದೀಪ ನಾಲ್ಕರಷ್ಟು ಪ್ರಖರವಾಗಿರಬೇಕು. 100 ವ್ಯಾಟಿನ ಬಲ್ಬು 60 ವ್ಯಾಟಿನದಕ್ಕಿಂತ ನಮಗೆ ಕೊಡುವ ದೂರ ಬಹಳ ಸ್ವಲ್ಪ. ಎದುರಿನವರ ಕಣ್ಣಿಗೆ ಕೊಡುವ ಪೆಟ್ಟು ಮಾತ್ರ ಪೂರ್ತಿ.

ವಿದ್ಯುತ್ತು ದಾರಿಯಲ್ಲಿ ಸೋರುತ್ತದೆ

ದೂರದ ಕಂಬದಿಂದ ಬೋರಿನ ಮೋಟಾರಿಗೆ ತೆಳುವಾದ ವೈರು ಎಳೆದವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಮೋಟಾರು ಗುಂಯ್‌ಗುಡುತ್ತದೆ, ನೀರು ಬರುವುದಿಲ್ಲ. ಗಾಡಿಯ ದೀಪದ ಕಥೆಯೂ ಇದೇ.

ನಮ್ಮಲ್ಲಿ ಬಹುಪಾಲು ಗಾಡಿಗಳಲ್ಲಿರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು. ಅದರೊಳಗೆ ಎರಡು ತಂತಿಗಳು: ಬ್ರೈಟಿಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. 12 ವೋಲ್ಟಿನ ಲೆಕ್ಕದಲ್ಲಿ ಬ್ರೈಟ್ ಹಾಕಿದಾಗ ಒಂದೊಂದು ಬಲ್ಬಿಗೆ 5 ಆಂಪಿಯರ್, ಎರಡಕ್ಕೂ ಸೇರಿ 10 ಆಂಪಿಯರ್ ಹರಿಯುತ್ತದೆ. ಹಳೆಯ ಜೀಪು, ಪಿಕಪ್‌ಗಳಲ್ಲಿ ಇಷ್ಟೂ ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಸ್ಟಿಯರಿಂಗ್ ಹತ್ತಿರದ ಸ್ವಿಚ್ಚಿಗೆ ಬಂದು, ಮತ್ತೆ ಮುಂದಕ್ಕೆ ಹೋಗಿ ಬಲ್ಬನ್ನು ಸೇರುತ್ತದೆ. 1 ಚದರ ಮಿಲಿಮೀಟರಿನ ತಾಮ್ರದ ತಂತಿ 5 ಮೀಟರ್ ಉದ್ದವಿದ್ದರೆ, 10 ಆಂಪಿಯರಿಗೆ ಸುಮಾರು 0.86 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಅದೇ ತಂತಿ 4 ಚದರ ಮಿಲಿಮೀಟರಿನದಾದರೆ ಕಳೆಯುವುದು ಸುಮಾರು 0.2 ವೋಲ್ಟ್ ಮಾತ್ರ. ಇದರ ಮೇಲೆ ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ತಿಂಗ್, ಸಡಿಲವಾದ ಹೋಲ್ಡರು ತಮ್ಮ ತಮ್ಮ ಪಾಲನ್ನು ನುಂಗುತ್ತವೆ.

“ಒಂದು ವೋಲ್ಟ್ ಹೋದರೆ ಏನು ಮಹಾ?” ಎನ್ನಬಹುದು. ಹ್ಯಾಲೊಜೆನ್ ಬಲ್ಬಿನ ಸ್ವಭಾವವೇ ಬೇರೆ. ವೋಲ್ಟೇಜು ನೂರಕ್ಕೆ ಹತ್ತು ಪಾಲು ಇಳಿದರೆ ಬೆಳಕು ಹತ್ತು ಪಾಲಲ್ಲ, ಸುಮಾರು ಮೂವತ್ತು ಪಾಲು ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಇದ್ದು ಬಲ್ಬಿಗೆ 12 ಮಾತ್ರ ಮುಟ್ಟಿದರೆ, ಮೂರರಲ್ಲಿ ಒಂದು ಪಾಲು ಬೆಳಕು ಹೋಯಿತೆಂದೇ ಲೆಕ್ಕ. ನನ್ನ ಪಿಕಪ್ಪಿನಲ್ಲಿ ಆಗಿದ್ದದ್ದು ಇದೇ. ಬಲ್ಬಿನಲ್ಲಿ ದೋಷವಿರಲಿಲ್ಲ, ಅದು ಅರೆಹೊಟ್ಟೆಯಲ್ಲಿತ್ತು.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರಲಿ, ದೀಪ ಉರಿಯುತ್ತಿರಲಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಬಲ್ಬಿಗೆ ವಿದ್ಯುತ್ತು ಬರುವ ತುದಿಗೂ ಮುಟ್ಟಿಸಿ. ಮೀಟರು ತೋರಿಸುವುದೇ ದಾರಿಯಲ್ಲಿ ಕಳೆದ ವೋಲ್ಟೇಜು. ಹಾಗೆಯೇ ಬಲ್ಬಿನ ಅರ್ತಿಂಗ್ ತುದಿಗೂ ಬ್ಯಾಟರಿಯ ಋಣ ತುದಿಗೂ ಇಟ್ಟು ನೋಡಿ. ಯಾವ ಕಡೆಯಾದರೂ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದುರಸ್ತಿ ಅವಶ್ಯ.

ಮೊದಲು ಅರ್ತಿಂಗ್ ಜಾಗವನ್ನು ಉಜ್ಜುಕಾಗದದಿಂದ ಉಜ್ಜಿ ಬಿಗಿ ಮಾಡಿಸಿ. ಅಷ್ಟರಿಂದಲೇ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ರಿಲೇ ಹಾಕಿಸಿ. ಡಿಮ್‌ಗೆ ಒಂದು, ಬ್ರೈಟಿಗೆ ಒಂದು, ಹೀಗೆ ಎರಡು ರಿಲೇ ಬೇಕು. ದೀಪದ ವಿದ್ಯುತ್ತು ದಪ್ಪ ತಂತಿಯ ಮೂಲಕ ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ಹೋಗುತ್ತದೆ. ಒಳಗಿನ ಸ್ವಿಚ್ಚು ರಿಲೇಯನ್ನು ಎಬ್ಬಿಸುವಷ್ಟು ಕೆಲಸ ಮಾತ್ರ ಮಾಡುತ್ತದೆ. ಬ್ಯಾಟರಿಯ ಬುಡದಲ್ಲೇ ಫ್ಯೂಸು ಇರತಕ್ಕದ್ದು. ಇದನ್ನು ಮರೆತರೆ, ತಂತಿ ತಗಲಿದ ದಿನ ಗಾಡಿಗೇ ಬೆಂಕಿ ಹತ್ತೀತು. ಇನ್ನೊಂದು ಎಚ್ಚರಿಕೆ: ಈಚಿನ ವರ್ಷಗಳ ಕಾರುಗಳಲ್ಲಿ ದೀಪಗಳು ಕಂಪ್ಯೂಟರಿನ ಹತೋಟಿಯಲ್ಲಿರುತ್ತವೆ. ಅವುಗಳ ತಂತಿಗೆ ಕತ್ತರಿ ಹಾಕಬೇಡಿ. ಕಂಪನಿಯ ವರ್ಕ್‌ಶಾಪಿಗೆ ಒಯ್ಯಿರಿ.

ಗಾಜು, ಬಲ್ಬು ಮತ್ತು ಎಲ್‌ಇಡಿ

ಪ್ಲಾಸ್ಟಿಕ್ಕಿನ ದೀಪದ ಮುಖ ನಾಲ್ಕೈದು ವರ್ಷದ ಬಿಸಿಲಿಗೆ ಹಳದಿಯಾಗಿ ಮಬ್ಬಾಗುತ್ತದೆ. ನಯವಾದ ನೀರುಕಾಗದದಿಂದ ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿಸಿ, ಮೇಲೆ ಬಿಸಿಲು ತಡೆಯುವ ಲೇಪ ಕೊಡಿಸಬೇಕು. ಲೇಪವಿಲ್ಲದೆ ಬರಿದೆ ಉಜ್ಜಿದರೆ ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬು. ಒಳಗಿನ ಕನ್ನಡಿ ಕಪ್ಪಾಗಿದ್ದರೆ ಒರೆಸಲು ಹೋಗಬೇಡಿ. ಅದರ ಹೊಳಪು ಬಟ್ಟೆಗೇ ಬಂದುಬಿಡುತ್ತದೆ. ದೀಪದ ಪೆಟ್ಟಿಗೆಯನ್ನೇ ಬದಲಿಸಿ. ಹೊಸ ಬಲ್ಬು ಹಾಕುವಾಗ ಅದರ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡಿನಿಂದ ಆ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಕೆಡುತ್ತದೆ. ಬದಲಿಸಿದರೆ ಎರಡನ್ನೂ ಒಟ್ಟಿಗೆ ಬದಲಿಸಿ.

100 ವ್ಯಾಟಿನ ಬಲ್ಬಿನ ವಿಷಯ. ಅದರಿಂದ ತಂತಿಯಲ್ಲಿ ಹರಿಯುವ ವಿದ್ಯುತ್ತು ಮೂರರಲ್ಲಿ ಎರಡು ಪಾಲಿನಷ್ಟು ಹೆಚ್ಚಾಗುವಾಗ, ತಂತಿಯ ಕಾವು ಸುಮಾರು ಎರಡೂಮುಕ್ಕಾಲು ಪಟ್ಟು ಆಗುತ್ತದೆ. ನನ್ನ ಗಾಡಿಯಲ್ಲಿ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿತ್ತು.

ಈಗ ಎಲ್ಲರೂ ಕೇಳುವುದು ಎಲ್‌ಇಡಿ ಬಲ್ಬಿನ ವಿಷಯ. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ಹೆಡ್‌ಲೈಟು ಒಳ್ಳೆಯದೇ. ಅದರ ಬಗ್ಗೆ ತಕರಾರಿಲ್ಲ. ತೊಂದರೆ ಬರುವುದು ಹ್ಯಾಲೊಜೆನ್ನಿಗೆಂದು ಮಾಡಿದ ಪೆಟ್ಟಿಗೆಯೊಳಗೆ ಎಲ್‌ಇಡಿ ಬಲ್ಬನ್ನು ತುರುಕಿದಾಗ. ಎಚ್4 ಬಲ್ಬಿನ ಡಿಮ್ ತಂತಿಯ ಕೆಳಗೆ ಒಂದು ಚಿಕ್ಕ ಲೋಹದ ಬಟ್ಟಲಿದೆ. ಆ ಬಟ್ಟಲು ಬೆಳಕನ್ನು ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ. ಅಲ್ಲಿಂದ ಬೆಳಕು ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಇಡೀ ಕನ್ನಡಿಯ ಬಾಗು ಆ ಸಣ್ಣ ತಂತಿ ಕುಳಿತ ಜಾಗವನ್ನು ಲೆಕ್ಕ ಹಿಡಿದು ಮಾಡಿದ್ದು. ಎಲ್‌ಇಡಿಯ ಬೆಳಕು ಹೊರಡುವುದು ಒಂದು ಪಟ್ಟಿಯ ಎರಡು ಮಗ್ಗುಲಿನಿಂದ. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕು ಚೆಲ್ಲಾಪಿಲ್ಲಿಯಾಗಿ, ಒಂದು ಪಾಲು ಮೇಲಕ್ಕೆ, ಎದುರಿನವರ ಮುಖಕ್ಕೆ ಹೋಗುತ್ತದೆ. ಗಾಡಿಯ ಬುಡದಲ್ಲೇ ಬೆಳ್ಳಗೆ ಹೊಳೆಯುವುದರಿಂದ ನಮಗೆ ಬೆಳಕು ಹೆಚ್ಚಾದಂತೆ ತೋರುತ್ತದೆ, ಆದರೆ ದೂರ ಕಾಣುವುದಿಲ್ಲ. ಹತ್ತಿರದ ಹೊಳಪಿಗೆ ಕಣ್ಣು ಹೊಂದಿಕೊಂಡರೆ ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 1989ರ ಕೇಂದ್ರ ನಿಯಮಗಳ 106ನೆಯ ನಿಯಮದಂತೆ ಮುಂದೀಪದ ಬೆಳಕು, 8 ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದ ಹಾಗೆ ಕೆಳಕ್ಕೆ ತಿರುಗಿರಬೇಕು.

ಗೋಡೆಯ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯ, ಖರ್ಚೂ ಇಲ್ಲ. ಕಾಫಿ ಒಣಗಿಸುವ ಕಣ ಮಟ್ಟಸವಾಗಿರುತ್ತದೆ. ಅದರ ಮುಂದೆ ಗೋಡೆಯಿದ್ದರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

1. ನಾಲ್ಕೂ ಚಕ್ರದ ಗಾಳಿ ಸರಿಯಿರಲಿ. ಚಾಲಕ ತನ್ನ ಜಾಗದಲ್ಲಿ ಕುಳಿತಿರಲಿ.

2. ದೀಪಗಳಿಂದ ಗೋಡೆಗೆ ಸರಿಯಾಗಿ 10 ಮೀಟರ್ ಇರುವಂತೆ ಗಾಡಿಯನ್ನು ನೇರವಾಗಿ ನಿಲ್ಲಿಸಿ.

3. ನೆಲದಿಂದ ಬಲ್ಬಿನ ನಡುಮಧ್ಯಕ್ಕೆ ಎಷ್ಟು ಎತ್ತರವಿದೆಯೆಂದು ಅಳೆದು, ಗೋಡೆಯ ಮೇಲೆ ಅದೇ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು ಗೆರೆ.

4. ಡಿಮ್ ಹಾಕಿ. ಬೆಳಕಿನ ಮೇಲಂಚು ಕೆಳಗಿನ ಗೆರೆಯ ಮೇಲೆ ಕೂರುವಂತೆ ದೀಪದ ಹಿಂದಿನ ತಿರುಪನ್ನು ತಿರುಗಿಸಿ. ನಮ್ಮದು ಎಡಬದಿಯ ಸಂಚಾರವಾದ್ದರಿಂದ ಎಡಗಡೆ ಬೆಳಕು ಸ್ವಲ್ಪ ಮೇಲಕ್ಕೆ ಏರಿರುತ್ತದೆ. ಅದು ದೋಷವಲ್ಲ, ರಸ್ತೆಯಂಚಿನಲ್ಲಿ ನಡೆಯುವವರನ್ನು ತೋರಿಸಲು ಹಾಗೆ ಮಾಡಿರುತ್ತಾರೆ.

10 ಮೀಟರಿಗೆ 10 ಸೆಂಟಿಮೀಟರ್ ಎಂದರೆ ನೂರಕ್ಕೆ ಒಂದರ ಇಳಿಜಾರು. ದೀಪ 75 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಮೇಲಂಚಿನ ಬೆಳಕು 75 ಮೀಟರಿನಾಚೆ ನೆಲ ಮುಟ್ಟುತ್ತದೆ. ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ನನ್ನ ಡಿಮ್ ದೀಪ ಏಕೆ ಕಣ್ಣಿಗೆ ಹೊಡೆಯಿತೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಈ ಗೋಡೆಯ ಮುಂದೆಯೇ. ಖಾಲಿ ಗಾಡಿಯಲ್ಲಿ ಬೆಳಕು ಗೆರೆಯ ಮೇಲೆ ಸರಿಯಾಗಿ ಕೂತಿತು. ಮೂಟೆ ಹೇರಿಸಿ ಮತ್ತೆ ನೋಡಿದೆ. ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ಬೆಳಕಿನ ಅಂಚು ಮೇಲಿನ ಗೆರೆಯನ್ನೂ ದಾಟಿತ್ತು. ಲೆಕ್ಕ ಸರಳ: ಎರಡೂವರೆ ಮೀಟರ್ ಉದ್ದದ ಚಕ್ರಾಂತರದ ಗಾಡಿಯ ಹಿಂಭಾಗ 5 ಸೆಂಟಿಮೀಟರ್ ಕುಸಿದರೆ ದೀಪ ನೂರಕ್ಕೆ ಎರಡರಷ್ಟು ಮೇಲಕ್ಕೆ ತಿರುಗುತ್ತದೆ. ಇಳಿಜಾರಿನ ಬೆಳಕು ಏರಿನ ಬೆಳಕಾಗುತ್ತದೆ. ಅದು ಮತ್ತೆ ನೆಲ ಮುಟ್ಟುವುದೇ ಇಲ್ಲ. ಮೊಪೆಡ್ಡಿನಲ್ಲಿ ಕುಳಿತವನ ಕಣ್ಣನ್ನು ಮುಟ್ಟುತ್ತದೆ.

ಆದುದರಿಂದ ಕೊಯ್ಲಿನ ಕಾಲದಲ್ಲಿ ಗಾಡಿಗೆ ಎಂದಿನ ಹೇರು ಹಾಕಿಯೇ ದೀಪವನ್ನು ಸರಿಪಡಿಸಿಕೊಳ್ಳಿ. ಅನೇಕ ಹೊಸ ಗಾಡಿಗಳಲ್ಲಿ 0ರಿಂದ 3ರವರೆಗೆ ಅಂಕಿಯಿರುವ ಒಂದು ಸಣ್ಣ ತಿರುಗಣೆ ಸ್ಟಿಯರಿಂಗಿನ ಬಳಿ ಇರುತ್ತದೆ. ಅದು ಇದೇ ಕೆಲಸಕ್ಕೆ. ಹೇರು ಹೆಚ್ಚಿದಂತೆ ಅಂಕಿ ಹೆಚ್ಚಿಸಿ. ಖಾಲಿಯಾದಾಗ 0ಗೆ ತನ್ನಿ. ನಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ಅದನ್ನು ಒಮ್ಮೆಯೂ ಮುಟ್ಟಿಲ್ಲವೆಂದು ವಿಚಾರಿಸಿದಾಗ ತಿಳಿಯಿತು.

ಮಂಜು, ಕಾಡು ಮತ್ತು ಕಣ್ಣು

ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ದಿಂಬಂ ಘಾಟಿಯ 27 ತಿರುವುಗಳಲ್ಲಿ ಮಂಜು ಕವಿದಾಗ ಬ್ರೈಟ್ ಹಾಕಬಾರದು. ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸಿ ಬಿಳಿಯ ಪರದೆ ಕಟ್ಟುತ್ತವೆ. ಡಿಮ್ ಹಾಕಿ, ವೇಗ ಇಳಿಸಿ, ರಸ್ತೆಯ ಎಡ ಅಂಚನ್ನು ನೋಡಿಕೊಂಡು ನಡೆಯಿರಿ.

ಬಂಡೀಪುರದ ದಾರಿಯ ವಿಷಯ ನಮಗೆಲ್ಲ ಗೊತ್ತಿರುವುದೇ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ 2009ರಲ್ಲಿ ಜಿಲ್ಲಾಡಳಿತದ ಆದೇಶದಿಂದ ಮೊದಲಾಯಿತು. 2010ರ ಮಾರ್ಚಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ಇದರಿಂದ ಬೆಳೆಗಾರರಿಗೆ, ವ್ಯಾಪಾರಿಗಳಿಗೆ ಆಗುವ ಅನನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ “ಒಳ್ಳೆಯ ಲೈಟಿದ್ದರೆ ಪ್ರಾಣಿಗೆ ಏಕೆ ಹೊಡೆಯುತ್ತದೆ?” ಎಂದು ಕೇಳುವವರಿಗೆ ಒಂದು ಮಾತು. ಜಿಂಕೆ, ಕಡವೆಗಳ ಕಣ್ಣು ಕತ್ತಲಿಗೆಂದು ಆದದ್ದು. ಪ್ರಖರವಾದ ಬೆಳಕು ಬಿದ್ದಾಗ ಅವು ಓಡುವುದರ ಬದಲು ನಿಂತುಬಿಡುತ್ತವೆ. ನನ್ನೆದುರು ಮೊಪೆಡ್ಡಿನವರಿಗೆ ಆದದ್ದೇ ಅವಕ್ಕೂ ಆಗುತ್ತದೆ.

ಇನ್ನೊಂದು ವಿಷಯ. ಜಿಂಕೆ, ಹಸು, ನಾಯಿ, ಚಿರತೆಗಳ ಕಣ್ಣಿನ ಹಿಂದೆ ಬೆಳಕನ್ನು ಹಿಂದಿರುಗಿಸುವ ಪದರವಿರುವುದರಿಂದ ಅವುಗಳ ಕಣ್ಣು ದೂರದಿಂದಲೇ ಮಿನುಗುತ್ತದೆ. ಕಾಡುಹಂದಿಗೂ ಮನುಷ್ಯನಿಗೂ ಆ ಪದರವಿಲ್ಲ; ಅವರು ಮಿನುಗುವುದಿಲ್ಲ. ಆನೆಯ ಮೈ ಕತ್ತಲಿನ ಬಣ್ಣವೇ. ಡಿಮ್ ದೀಪದ ಬೆಳಕು ಸೊಂಟಕ್ಕಿಂತ ಮೇಲೆ ಏರುವುದಿಲ್ಲವಾದ್ದರಿಂದ ಕಾಣುವುದು ಕಾಲು ಮಾತ್ರ. ರಸ್ತೆಯಲ್ಲಿ ಮರದ ಬೊಡ್ಡೆ ನಿಂತಂತೆ ತೋರುತ್ತದೆ. ಹೀಗಿರುವಾಗ ಒಂಬತ್ತಕ್ಕೆ ಮೊದಲು ಗೇಟು ದಾಟಬೇಕೆಂದು ಎಂಟೂವರೆಗೆ ಮದ್ದೂರು ಚೆಕ್‌ಪೋಸ್ಟಿನತ್ತ ಗಾಡಿ ಓಡಿಸುವುದಕ್ಕಿಂತ ಅವಿವೇಕ ಬೇರೊಂದಿಲ್ಲ. ಒಂದು ಗಂಟೆ ಮೊದಲೇ ಹೊರಡಿ. ಇಲ್ಲವೇ ಗುಂಡ್ಲುಪೇಟೆಯಲ್ಲಿ ಉಳಿದು ಬೆಳಗ್ಗೆ ಹೊರಡಿ.

ಕೊನೆಗೆ ನಮ್ಮ ಕಣ್ಣು. ಅರವತ್ತರ ವಯಸ್ಸಿನವರ ಕಣ್ಣಿನೊಳಗೆ, ಇಪ್ಪತ್ತರ ಹುಡುಗನ ಕಣ್ಣಿಗೆ ಹೋಲಿಸಿದರೆ, ಸುಮಾರು ಮೂರರಲ್ಲಿ ಒಂದು ಪಾಲು ಬೆಳಕು ಮಾತ್ರ ಮುಟ್ಟುತ್ತದೆ. ಎದುರಿನ ದೀಪಕ್ಕೆ ಕಟ್ಟಿದ ಕಣ್ಣು ಬಿಟ್ಟುಕೊಳ್ಳಲೂ ವಯಸ್ಸಾದವರಿಗೆ ಹೆಚ್ಚು ಹೊತ್ತು ಬೇಕು. ದೀಪದ ಸುತ್ತ ಬಳೆಬಳೆಯಾಗಿ ಕಾಣುತ್ತಿದ್ದರೆ ಮೆಕ್ಯಾನಿಕ್ಕಿನ ಬಳಿಗಲ್ಲ, ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು, ಪೊರೆ ಬಂದಿರಬಹುದು. ಗಾಡಿಯ ಮುಂಗಾಜನ್ನು ಒಳಗಡೆಯೂ ಒರೆಸಿ. ಒಳಗಿನ ಮಬ್ಬನ್ನು ಯಾರೂ ಗಮನಿಸುವುದಿಲ್ಲ.

ಸಂಘದ ವತಿಯಿಂದ

ಸಂಘದ ಗೋದಾಮಿನ ಮುಂದಿನ ಕಣದಲ್ಲಿ 10 ಮೀಟರಿಗೆ ಗುರುತು ಹಾಕಿ, ಗೋಡೆಗೆ ಗೆರೆ ಎಳೆಸಲಾಗಿದೆ. ಮಲ್ಟಿಮೀಟರ್ ಕಚೇರಿಯಲ್ಲಿದೆ. ಕೊಯ್ಲು ಮೊದಲಾಗುವ ಮುನ್ನ ಸದಸ್ಯರು ಯಾವ ಸಂಜೆಯಾದರೂ ಹೇರು ಸಹಿತ ಗಾಡಿ ತಂದು ನೋಡಿಕೊಳ್ಳಬಹುದು, ಶುಲ್ಕವಿಲ್ಲ. ಟ್ರೇಲರ್, ಎತ್ತಿನ ಗಾಡಿ ಇರುವವರು ಹಿಂಭಾಗಕ್ಕೆ ಕೆಂಪು ಹೊಳಪಿನ ಪಟ್ಟಿ ಅಂಟಿಸಿಕೊಳ್ಳಬೇಕೆಂದು ವಿನಂತಿ. ಅಂದು ತೆರಕಣಾಂಬಿಯ ಬಳಿ ಆ ಟ್ರೇಲರಿಗೆ ಒಂದು ಗೇಣು ಪಟ್ಟಿ ಇದ್ದಿದ್ದರೆ ನಾನು 100 ವ್ಯಾಟಿನ ಬಲ್ಬು ಕೊಳ್ಳಲು ಹೋಗುತ್ತಲೇ ಇರಲಿಲ್ಲ.

ಗೊನೆ ಕೀಳುವ ಅವರು ಈಗ ಮತ್ತೆ ಮರ ಹತ್ತುತ್ತಾರೆ. ಎಡಗೈಯನ್ನು ಪೂರ್ತಿ ಮೇಲೆತ್ತಲು ಮಾತ್ರ ಆಗುವುದಿಲ್ಲ. ಗೆರೆ ಎಳೆಸಿದ ದಿನ ಮೊದಲು ಅವರನ್ನೇ ಕರೆದು, ಮೊಪೆಡ್ಡಿನ ಮೇಲೆ ಕೂರಿಸಿ, ಹೇರು ಹಾಕಿದ ನನ್ನ ಗಾಡಿಯ ಡಿಮ್ ದೀಪವನ್ನು ಎದುರಿನಿಂದ ನೋಡಿ ಹೇಳಿ ಎಂದೆ. “ಈಗ ಪರ್ವಾಗಿಲ್ಲ ಅಣ್ಣಾರೇ, ರೋಡ್ ಕಾಣ್ತದೆ” ಎಂದರು. ತಿರುಪನ್ನು ಅಲ್ಲಿಗೇ ಬಿಟ್ಟಿದ್ದೇನೆ.

— ಕಾರ್ಯದರ್ಶಿ